ಕಥೆಯ ಕುದುರೆಗೆ ಕಡಿವಾಣವೂ ಬೇಕು

‘ರಾಜಕುಮಾರ ಕುದುರೆ ಏರಿ ಕಾಡಿಗೆ ಹೊರಟ. ಅಷ್ಟರಲ್ಲಿ ಹುಲಿ ಬಂತು. ಕೊಂದ. ಮುಂದೆ ಹೋದ. ಅಷ್ಟರಲ್ಲಿ ಏಳು ಹೆಡೆಯ ಸರ್ಪ ಬಂತು. ಅದನ್ನೂ ಕೊಂದ. ಅಷ್ಟರಲ್ಲಿ ರಾಕ್ಷಸ ಬಂದ. ಮಾಯಾಖಡ್ಗದಿಂದ ಅವನ ತಲೆ ಕತ್ತರಿಸಿದ. ರಾಜಕುಮಾರಿಯನ್ನು ಮದುವೆಯಾಗಿ ಸುಖವಾಗಿದ್ದ.’

ಮಕ್ಕಳು ರಜೆಯಲ್ಲಿ ಕುಳಿತು ಬರೆಯುವ, ಶಾಲೆಯ ಕೈಬರಹದ ಪತ್ರಿಕೆಗೆ ಕೊಡುವ ಸಾಹಸ ಕಥೆಗಳಲ್ಲಿ ಬಹುಪಾಲು ಇದೇ ಜಾತಿಯವು. ಒಂದೇ ಪುಟದಲ್ಲಿ ಮೂರು ಕಾಳಗ, ಒಂದು ಮದುವೆ! ಇಷ್ಟೆಲ್ಲ ನಡೆದರೂ ಎರಡನೆಯ ಕಾಳಗದ ಹೊತ್ತಿಗೇ ಓದುವವರಿಗೆ ಆಕಳಿಕೆ ಬರುತ್ತದೆ. ಅಪ್ಪ ನೋಡಿ, ‘ಇದೆಲ್ಲ ಇರಲಿ, ಲೆಕ್ಕ ಮಾಡಿ ಮುಗಿಸಿದೆಯೇನೋ?’ ಎನ್ನುತ್ತಾರೆ. ಮೇಷ್ಟ್ರು ಅಲ್ಪಪ್ರಾಣ–ಮಹಾಪ್ರಾಣದ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಕೊಡುತ್ತಾರೆ. ಕಥೆ ಏಕೆ ಹಿಡಿಸಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ತನಗೆ ಕಥೆ ಬರೆಯಲು ಬರುವುದಿಲ್ಲ ಎಂದುಕೊಂಡ ಹುಡುಗ ನೋಟ್‌ಬುಕ್ಕನ್ನು ಅಟ್ಟಕ್ಕೆ ಎಸೆಯುತ್ತಾನೆ. ಅಲ್ಲಿಗೆ ಒಬ್ಬ ಕಥೆಗಾರನ ಕಥೆಯೇ ಮುಗಿಯಿತು.

ನಿಜಕ್ಕೂ ಆ ಹುಡುಗನಲ್ಲಿ ಕಲ್ಪನೆಗೆ ಕೊರತೆಯಿಲ್ಲ. ಹುಲಿ, ಸರ್ಪ, ರಾಕ್ಷಸ, ಖಡ್ಗ – ಸಾಮಗ್ರಿ ಎಲ್ಲವೂ ಇದೆ. ಇಲ್ಲದಿರುವುದು ಗತಿಯ ಅರಿವು. ಕಥೆ ಎಲ್ಲಿ ಓಡಬೇಕು, ಎಲ್ಲಿ ನಡೆಯಬೇಕು, ಎಲ್ಲಿ ಕುಳಿತು ಉಸಿರು ಬಿಡಬೇಕು ಎಂಬ ತಿಳಿವಳಿಕೆ. ಇದು ಹುಟ್ಟಿನಿಂದಲೇ ಬರಬೇಕಾದ ವರವೇನಲ್ಲ. ಕಲಿತರೆ ಬರುವ ವಿದ್ಯೆ.

ಬಸ್ಸು ಹೇಳುವ ಪಾಠ

ನಿಂತ ಬಸ್ಸು ಫಕ್ಕನೆ ಹೊರಟರೆ ಪ್ರಯಾಣಿಕರು ಹಿಂದಕ್ಕೆ ವಾಲುತ್ತಾರೆ. ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ತಿರುವಿನಲ್ಲಿ ಪಕ್ಕದವರ ಮೇಲೆ ಬೀಳುತ್ತಾರೆ. ಆದರೆ ನೇರವಾದ, ಸಪಾಟಾದ ಹೆದ್ದಾರಿಯಲ್ಲಿ ಬಸ್ಸು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡುತ್ತಿದ್ದರೆ ಏನಾಗುತ್ತದೆ? ಬಸ್ಸಿನ ಅರ್ಧ ಜನ ನಿದ್ದೆ ಹೋಗುತ್ತಾರೆ! ಭೂಮಿಯೇ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅದರ ಮೇಲೆ ಕುಳಿತ ಯಾರಿಗಾದರೂ ತಲೆ ಸುತ್ತುತ್ತದೆಯೇ?

ವೇಗ ಎಷ್ಟೇ ಇರಲಿ, ಅದು ಒಂದೇ ಸಮನಾಗಿದ್ದರೆ ದೇಹಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ವೇಗ ಬದಲಾದಾಗ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಇದಕ್ಕೆ ವೇಗೋತ್ಕರ್ಷ ಎಂಬ ಹೆಸರಿದೆ. ಕಥೆ ಓದುವವರ ಮನಸ್ಸೂ ಬಸ್ಸಿನ ಪ್ರಯಾಣಿಕನಂತೆಯೇ. ಮೊದಲ ಸಾಲಿನಿಂದ ಕೊನೆಯವರೆಗೆ ಕತ್ತಿ ಕಾಳಗವೇ ಇದ್ದರೆ ಮನಸ್ಸು ತೂಕಡಿಸುತ್ತದೆ. ನಿಧಾನವಾಗಿ ಸಾಗುತ್ತಿದ್ದ ಕಥೆ ಒಮ್ಮೆಲೇ ಓಡಿದಾಗ, ಓಡುತ್ತಿದ್ದದ್ದು ಒಮ್ಮೆಲೇ ನಿಂತಾಗ ಅದೇ ಮನಸ್ಸು ಎಚ್ಚೆತ್ತು ಕೂರುತ್ತದೆ. ಆದ್ದರಿಂದ ಸಾಹಸ ಕಥೆಯ ರೋಮಾಂಚನ ಅದರ ವೇಗದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ವೇಗದ ಬದಲಾವಣೆಯಲ್ಲಿದೆ.

ಈ ಮಾತಿಗೆ ಒಳ್ಳೆಯ ನಿದರ್ಶನ ಬೇಕಿದ್ದರೆ ಇಂಗ್ಲೆಂಡಿನ ಒಬ್ಬ ಪ್ರಾಧ್ಯಾಪಕರು ತಮ್ಮ ಮಕ್ಕಳಿಗಾಗಿ ಹೆಣೆದ ಒಂದು ಪುಸ್ತಕವನ್ನು ನೋಡಬೇಕು.

ಉತ್ತರ ಪತ್ರಿಕೆಯ ಖಾಲಿ ಹಾಳೆ

ಜೆ.ಆರ್.ಆರ್. ಟೋಲ್ಕಿನ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇಂಗ್ಲಿಷ್ ಭಾಷೆಯ ಪ್ರಾಧ್ಯಾಪಕರು. ಸಂಸಾರ ದೊಡ್ಡದು, ನಾಲ್ಕು ಮಕ್ಕಳು. ನಾಲ್ಕು ಕಾಸು ಹೆಚ್ಚಿಗೆ ಬರಲೆಂದು ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದರು. ಯಾವನೋ ಪುಣ್ಯಾತ್ಮ ವಿದ್ಯಾರ್ಥಿ ಒಂದು ಹಾಳೆಯನ್ನು ಖಾಲಿ ಬಿಟ್ಟಿದ್ದ. ತಿದ್ದಿ ತಿದ್ದಿ ಬೇಸತ್ತಿದ್ದ ಟೋಲ್ಕಿನ್ ಆ ಹಾಳೆಯ ಮೇಲೆ, ನೆಲದೊಳಗಿನ ಬಿಲದಲ್ಲಿ ವಾಸಿಸುವ ‘ಹಾಬಿಟ್’ ಎಂಬ ಜೀವಿಯ ಬಗ್ಗೆ ಒಂದು ವಾಕ್ಯ ಗೀಚಿದರು. ಹಾಬಿಟ್ ಎಂದರೇನೆಂದು ಆಗ ಅವರಿಗೂ ಗೊತ್ತಿರಲಿಲ್ಲ!

ಆ ಒಂದು ವಾಕ್ಯ ಬೆಳೆದು 19 ಅಧ್ಯಾಯಗಳ ‘ದಿ ಹಾಬಿಟ್’ ಆಯಿತು. ಪ್ರಕಾಶಕ ಸ್ಟಾನ್ಲಿ ಅನ್ವಿನ್ ಹಸ್ತಪ್ರತಿಯನ್ನು ತಮ್ಮ 10 ವರ್ಷದ ಮಗ ರೇನರ್ ಕೈಗೆ ಕೊಟ್ಟು ಅಭಿಪ್ರಾಯ ಕೇಳಿದರು. ಹುಡುಗ ಓದಿ, ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ ಎಂದು ವರದಿ ಬರೆದುಕೊಟ್ಟ. ಸಂಭಾವನೆ ಒಂದು ಶಿಲಿಂಗ್. 1937ರ ಸೆಪ್ಟೆಂಬರ್ 21ರಂದು ಪುಸ್ತಕ ಹೊರಬಂತು. ಮೊದಲ ಮುದ್ರಣದ 1,500 ಪ್ರತಿಗಳು ಡಿಸೆಂಬರ್ ವೇಳೆಗೆ ಖರ್ಚಾದವು. ಇಂದಿಗೂ ಅದು ಮುದ್ರಣದಲ್ಲಿದೆ.

ಕಥೆ ಸರಳ. ಐವತ್ತರ ಪ್ರಾಯದ, ಹೊತ್ತು ಹೊತ್ತಿಗೆ ಊಟ ತಿಂಡಿ ಬೇಕೆನ್ನುವ ಬಿಲ್ಬೊ ಬ್ಯಾಗಿನ್ಸ್ ಎಂಬ ಹಾಬಿಟ್ ಇದ್ದಾನೆ. ಗ್ಯಾಂಡಾಲ್ಫ್ ಎಂಬ ಮಾಂತ್ರಿಕನ ಒತ್ತಾಯಕ್ಕೆ ಸಿಕ್ಕಿ, ಹದಿಮೂರು ಮಂದಿ ಕುಬ್ಜರ ಜೊತೆ ದೂರದ ಬೆಟ್ಟಕ್ಕೆ ಹೊರಡುತ್ತಾನೆ. ಅಲ್ಲಿ ಸ್ಮಾಗ್ ಎಂಬ ಬೆಂಕಿಯುಗುಳುವ ಡ್ರ್ಯಾಗನ್ ಕುಬ್ಜರ ಪಿತ್ರಾರ್ಜಿತ ನಿಧಿಯ ಮೇಲೆ ಮಲಗಿದೆ. ಅದನ್ನು ಮರಳಿ ಪಡೆಯಬೇಕು. ಹೊರಡುವ ಅವಸರದಲ್ಲಿ ಬಿಲ್ಬೊ ಕರವಸ್ತ್ರವನ್ನೂ ಮರೆಯುತ್ತಾನೆ. ಇಂಥವನು ಡ್ರ್ಯಾಗನ್ ಎದುರು ನಿಂತಾನೇ? ಓದುಗನನ್ನು ಕೊನೆಯವರೆಗೂ ಎಳೆದೊಯ್ಯುವ ಪ್ರಶ್ನೆ ಇದೇ.

ಬಿಸಿಲು ನೆರಳಿನ ಹಾದಿ

ಈಗ ಅಧ್ಯಾಯಗಳ ಜೋಡಣೆ ನೋಡಿ. ಎರಡನೆಯ ಅಧ್ಯಾಯದಲ್ಲಿ ಮೂವರು ನರಭಕ್ಷಕ ದೈತ್ಯರ ಕೈಗೆ ಸಿಕ್ಕಿಬೀಳುವ ಅಪಾಯ. ಮೂರನೆಯದರಲ್ಲಿ ಎಲ್ರಾಂಡ್ ಎಂಬ ಜ್ಞಾನಿಯ ಕಣಿವೆಯ ಮನೆಯಲ್ಲಿ ವಿಶ್ರಾಂತಿ. ನಾಲ್ಕರಿಂದ ಆರರವರೆಗೆ ಬೆಟ್ಟದೊಳಗಿನ ಗಾಬ್ಲಿನ್‌ಗಳು, ಕತ್ತಲೆ, ತೋಳಗಳು, ಬೆಂಕಿ. ಏಳರಲ್ಲಿ ಬಿಯಾರ್ನ್ ಎಂಬವನ ಮನೆಯಲ್ಲಿ ಮತ್ತೆ ಊಟ, ನಿದ್ದೆ. ಎಂಟು–ಒಂಬತ್ತರಲ್ಲಿ ಘೋರಾರಣ್ಯ, ದೈತ್ಯ ಜೇಡಗಳು, ಸೆರೆವಾಸ, ಪೀಪಾಯಿಗಳೊಳಗೆ ಅಡಗಿ ನದಿಯಲ್ಲಿ ಪಲಾಯನ. ಹತ್ತರಲ್ಲಿ ಸರೋವರದ ಪಟ್ಟಣದಲ್ಲಿ ಸತ್ಕಾರ. ಮುಂದಿನದು ಡ್ರ್ಯಾಗನ್ನಿನ ಬೆಟ್ಟ.

ಅಪಾಯ, ವಿಶ್ರಾಂತಿ, ಇನ್ನೂ ದೊಡ್ಡ ಅಪಾಯ, ಮತ್ತೆ ವಿಶ್ರಾಂತಿ – ಹೀಗೆ ಬಿಸಿಲು ನೆರಳಿನಂತೆ ಕಥೆ ಸಾಗುತ್ತದೆ. ಆದರೆ ಗಮನಿಸಬೇಕಾದ ಸೂಕ್ಷ್ಮ ಬೇರೆ ಇದೆ. ವಿಶ್ರಾಂತಿಯ ಅಧ್ಯಾಯಗಳು ಖಾಲಿ ಕೂರುವುದಿಲ್ಲ. ಎಲ್ರಾಂಡನ ಮನೆಯಲ್ಲಿ ಹಳೆಯ ನಕ್ಷೆಯನ್ನು ಬೆಳದಿಂಗಳಿಗೆ ಹಿಡಿದಾಗ, ಚಂದ್ರನ ಬೆಳಕಿನಲ್ಲಷ್ಟೇ ಕಾಣುವ ಅಕ್ಷರಗಳು ಮೂಡಿ ಗುಪ್ತ ಬಾಗಿಲಿನ ಸುಳಿವು ಸಿಗುತ್ತದೆ. ದೈತ್ಯರ ಗವಿಯಲ್ಲಿ ಸಿಕ್ಕ ಖಡ್ಗಗಳು ಎಂಥವೆಂದು ತಿಳಿಯುವುದೂ ಅಲ್ಲಿಯೇ. ಬಿಯಾರ್ನ್ ಊಟ ಹಾಕುವುದಷ್ಟೇ ಅಲ್ಲ, ಕಾಡಿನ ಕಪ್ಪು ಹೊಳೆಯ ನೀರು ಮುಟ್ಟಬೇಡಿ, ದಾರಿ ಬಿಟ್ಟು ಕದಲಬೇಡಿ ಎಂದು ಎಚ್ಚರಿಸುತ್ತಾನೆ. ಓದುಗನಿಗೆ ಆಗಲೇ ಎದೆ ಢವಗುಟ್ಟುತ್ತದೆ. ಏಕೆಂದರೆ ಯಾರೋ ಒಬ್ಬರು ಆ ನೀರಿಗೆ ಬಿದ್ದೇ ಬೀಳುತ್ತಾರೆ, ಎಲ್ಲರೂ ದಾರಿ ಬಿಟ್ಟೇ ಬಿಡುತ್ತಾರೆ ಎಂಬುದು ಅವನಿಗೆ ಗೊತ್ತು! ಹಾಗೆಯೇ ಆಗುತ್ತದೆ. ಗುಂಪಿನಲ್ಲೇ ಅತಿ ದಢೂತಿಯಾದ ಬಾಂಬರ್ ಹೊಳೆಗೆ ಬಿದ್ದು, ದಿನಗಟ್ಟಲೆ ಎಚ್ಚರವಾಗದ ನಿದ್ದೆಗೆ ಜಾರುತ್ತಾನೆ. ಉಳಿದವರು ಹಸಿದ ಹೊಟ್ಟೆಯಲ್ಲಿ ಅವನನ್ನು ಹೊತ್ತು ನಡೆಯಬೇಕಾಗುತ್ತದೆ.

ಇನ್ನೊಂದು ವಿಷಯ. ಪ್ರತಿ ವಿಶ್ರಾಂತಿಯ ತಾಣವೂ ಹಿಂದಿನದಕ್ಕಿಂತ ಕಡಿಮೆ ಸುರಕ್ಷಿತ. ಎಲ್ರಾಂಡನ ಮನೆಯಲ್ಲಿ ಭಯವೇ ಇಲ್ಲ. ಬಿಯಾರ್ನ್ ಮನೆಯಲ್ಲಿ ರಾತ್ರಿ ಹೊರಗೆ ಕಾಲಿಡುವಂತಿಲ್ಲ. ಸರೋವರದ ಪಟ್ಟಣವಂತೂ ಡ್ರ್ಯಾಗನ್ನಿನ ಬೆಟ್ಟದ ಸೆರಗಿನಲ್ಲೇ ಇದೆ. ನೆರಳು ಸಿಕ್ಕರೂ ಅದು ದಿನದಿನಕ್ಕೆ ತೆಳುವಾಗುತ್ತಿದೆ. ಕಥೆ ಬಿಗಿಯಾಗುವುದು ಹೀಗೆ.

ಓಡದೆ ನಡೆಯುವ ಸಾಹಸ

ಸಾಹಸವೆಂದರೆ ಕತ್ತಿವರಸೆ, ಕುದುರೆ ಓಟ ಎಂಬ ಭಾವನೆ ಸಾಮಾನ್ಯ. ‘ಹಾಬಿಟ್’ನ ಐದನೆಯ ಅಧ್ಯಾಯ ಅದನ್ನು ಸುಳ್ಳು ಮಾಡುತ್ತದೆ. ಬೆಟ್ಟದ ಹೊಟ್ಟೆಯೊಳಗೆ, ಕಗ್ಗತ್ತಲೆಯ ಕೊಳದ ದಡದಲ್ಲಿ, ಬಿಲ್ಬೊ ಮತ್ತು ಗೊಲ್ಲಮ್ ಎಂಬ ವಿಚಿತ್ರ ಜೀವಿ ಎದುರುಬದುರು ಕುಳಿತು ಒಗಟು ಕೇಳುವ ಆಟ ಆಡುತ್ತಾರೆ. ಅಷ್ಟೇ. ಆದರೆ ಪಣ ಏನು? ಬಿಲ್ಬೊ ಗೆದ್ದರೆ ಹೊರಹೋಗುವ ದಾರಿ. ಸೋತರೆ ಗೊಲ್ಲಮ್‌ಗೆ ಊಟ! ಸಂಜೆ ಜಗಲಿಯ ಮೇಲೆ ಅಜ್ಜಿ–ಮೊಮ್ಮಕ್ಕಳು ಆಡುವ ಆಟವೇ ಪ್ರಾಣಕ್ಕೆ ಬಂದಾಗ ಒಂದೊಂದು ಉತ್ತರಕ್ಕೂ ಓದುಗ ಉಸಿರು ಬಿಗಿಹಿಡಿಯುತ್ತಾನೆ. ಯಾರೂ ಕೂತಲ್ಲಿಂದ ಏಳದಿದ್ದರೂ ಕಥೆ ಓಡುತ್ತಿರುತ್ತದೆ.

1937ರ ಮೊದಲ ಆವೃತ್ತಿಯಲ್ಲಿ ಸೋತ ಗೊಲ್ಲಮ್ ತಕರಾರಿಲ್ಲದೆ ದಾರಿ ತೋರಿಸುತ್ತಿದ್ದ. 1951ರ ಆವೃತ್ತಿಗೆ ಟೋಲ್ಕಿನ್ ಇದನ್ನು ಬದಲಿಸಿದರು. ಈಗ ಗೊಲ್ಲಮ್ ಕೋಪದಿಂದ ಬೆನ್ನಟ್ಟುತ್ತಾನೆ. ಮಾಯದ ಉಂಗುರ ತೊಟ್ಟು ಅದೃಶ್ಯನಾದ ಬಿಲ್ಬೊ ಅವನ ಹಿಂದೆಯೇ ಸಾಗುತ್ತಾನೆ. ಹೊರಬಾಗಿಲ ಬಳಿ ಗೊಲ್ಲಮ್ ದಾರಿಗಡ್ಡ ಕುಳಿತಿದ್ದಾನೆ. ಬಿಲ್ಬೊ ಕೈಯಲ್ಲಿ ಕತ್ತಿ ಇದೆ. ಇರಿದು ಓಡಬಹುದು. ಓಟ ತುತ್ತತುದಿ ಮುಟ್ಟಿದ ಆ ಗಳಿಗೆಯಲ್ಲಿ ಟೋಲ್ಕಿನ್ ಬ್ರೇಕ್ ಹಾಕುತ್ತಾರೆ. ಬಿಲ್ಬೊ ನಿಂತು ಯೋಚಿಸುತ್ತಾನೆ. ಕತ್ತಲೆಯಲ್ಲಿ ಒಂಟಿಯಾಗಿ ಕೊಳೆಯುವ ಆ ಬಡಜೀವದ ಬಗ್ಗೆ ಅವನಿಗೆ ಕನಿಕರ ಹುಟ್ಟುತ್ತದೆ. ಕೊಲ್ಲದೆ ಅವನ ತಲೆಯ ಮೇಲಿಂದ ಹಾರಿ ಪಾರಾಗುತ್ತಾನೆ. ಬಿಲ್ಬೊ ಎಂಥವನೆಂದು ಓದುಗನಿಗೆ ಗೊತ್ತಾಗುವುದು ಆ ನಿಲುಗಡೆಯಲ್ಲೇ. ನಿಲ್ಲದೆ ಓಡಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಮಾಯೆಗೂ ಲೆಕ್ಕವಿದೆ

ಅದ್ಭುತ ಕಥೆಯಲ್ಲಿ ಏನು ಬೇಕಾದರೂ ಆಗಬಹುದು ಎಂದುಕೊಳ್ಳುವುದು ಹೊಸಬರು ಮಾಡುವ ಇನ್ನೊಂದು ತಪ್ಪು. ಏನು ಬೇಕಾದರೂ ಆಗುವುದಾದರೆ ಯಾವುದಕ್ಕೂ ಹೆದರಬೇಕಾಗಿಲ್ಲ. ಹೆದರಿಕೆ ಇಲ್ಲದಲ್ಲಿ ಗತಿಯೂ ಇಲ್ಲ. ಬಿಲ್ಬೊನ ಉಂಗುರ ಅವನನ್ನು ಅದೃಶ್ಯಗೊಳಿಸುತ್ತದೆ, ಆದರೆ ಬಿಸಿಲಿನಲ್ಲಿ ಮಸುಕಾದ ನೆರಳು ಬೀಳುತ್ತದೆ. ಈ ಒಂದು ಕೊರತೆಯೇ ಅವನು ಇಡುವ ಪ್ರತಿ ಹೆಜ್ಜೆಗೂ ಬೆಲೆ ತಂದುಕೊಡುತ್ತದೆ.

ಇದು ಹಳೆಯ ಕಥೆಗಾರರಿಗೂ ತಿಳಿದಿದ್ದ ಗುಟ್ಟು. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿರುವ, ‘ಚಂದಮಾಮ’ದ ಮೂಲಕ ಕನ್ನಡದ ಮಕ್ಕಳಿಗೆ ಚಿರಪರಿಚಿತನಾದ ಬೇತಾಳನನ್ನು ನೆನೆಯಿರಿ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ಎರಡೇ ನಿಯಮ. ಅದರ ಬಲದಲ್ಲೇ ಕಥೆಯ ಮೇಲೆ ಕಥೆ ನಿಲ್ಲುತ್ತದೆ. ನಡುನಡುವೆ ಹೆಣ ಹೊತ್ತು ಮೌನವಾಗಿ ನಡೆಯುವ ರಾಜನ ಹೆಜ್ಜೆಗಳೇ ಅಲ್ಲಿನ ವಿಶ್ರಾಂತಿ.

ನಿಯಮದ ಜೊತೆ ಗಡುವೂ ಸೇರಿದರೆ ಕಥೆ ಇನ್ನಷ್ಟು ಬಿಗಿಯಾಗುತ್ತದೆ. ಟೋಲ್ಕಿನ್ನರ ಗುಪ್ತ ಬಾಗಿಲಿನ ಕೀಲಿರಂಧ್ರ ಕಾಣುವುದು ವರ್ಷದಲ್ಲಿ ಒಂದೇ ದಿನ. ಶರತ್ಕಾಲದ ಕೊನೆಯ ಅಮಾವಾಸ್ಯೆ ಕಳೆದು, ಎಳೆಚಂದ್ರನೂ ಸೂರ್ಯನೂ ಒಟ್ಟಿಗೆ ಆಕಾಶದಲ್ಲಿರುವ ದಿನ, ಸಂಜೆಯ ಕಟ್ಟಕಡೆಯ ಕಿರಣ ಬಿದ್ದಾಗ. ಬಿದಿಗೆಯ ಚಂದ್ರನನ್ನು ನೋಡಿದವರಿಗೆ ಗೊತ್ತು, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅದೂ ಮುಳುಗುತ್ತದೆ. ಸಿಗುವ ಸಮಯ ಅಷ್ಟು ಕಡಿಮೆ. ಹನ್ನೊಂದನೆಯ ಅಧ್ಯಾಯದಲ್ಲಿ ಕುಬ್ಜರು ಬಾಗಿಲ ಮುಂದೆ ಸುಮ್ಮನೆ ಕಾಯುವುದೇ ಹೆಚ್ಚು, ಬಹುತೇಕ ಏನೂ ನಡೆಯುವುದಿಲ್ಲ. ಆದರೂ ಪುಸ್ತಕ ಕೆಳಗಿಡಲಾಗದು. ಸೂರ್ಯ ಇಳಿಯುತ್ತಿದ್ದಾನಲ್ಲ!

ಟೋಲ್ಕಿನ್ ಇಂಥ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. 1954–55ರಲ್ಲಿ ಪ್ರಕಟವಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯುತ್ತಿದ್ದ ಕಾಲದಲ್ಲಿ, 1944ರ ಒಂದು ದಿನ ಅವರಿಗೆ ತೊಡಕೊಂದು ಎದುರಾಯಿತು. ಬೇರೆ ಬೇರೆ ದಿಕ್ಕಿನಲ್ಲಿ ಸಾಗುತ್ತಿದ್ದ ಪಾತ್ರಗಳು ಒಂದೇ ದಿನ ನೋಡುವ ಚಂದ್ರ, ಒಂದು ಕಡೆ ಉದಯಿಸುತ್ತಿದ್ದರೆ ಇನ್ನೊಂದು ಕಡೆ ಅದೇ ಹೊತ್ತಿಗೆ ಅಸ್ತಮಿಸುತ್ತಿದ್ದ! ಹಿಂದಿನ ಅಧ್ಯಾಯಗಳನ್ನು ತಿದ್ದಲು ಅವರಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಮೊದಲು ನಕ್ಷೆ ಬರೆದುಕೊಂಡು ಅದಕ್ಕೆ ತಕ್ಕಂತೆ ಕಥೆ ಹೊಂದಿಸುತ್ತಿದ್ದವರು ಅವರು. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಎಂಬ ಸೂತ್ರ ಹಾಬಿಟ್‌ಗಳಿಗೂ ಅನ್ವಯಿಸುತ್ತದೆ.

ಆದರೆ ಲೆಕ್ಕ ಅತಿಯಾದರೂ ಕಷ್ಟ. 1960ರಲ್ಲಿ ಟೋಲ್ಕಿನ್ ‘ಹಾಬಿಟ್’ನ ದೂರ, ದಿನ, ಧಾಟಿ ಎಲ್ಲವನ್ನೂ ಹೊಸ ಕೃತಿಗೆ ಹೊಂದುವಂತೆ ತಿದ್ದಿ ಬರೆಯಲು ಕುಳಿತರು. ಕೆಲವು ಅಧ್ಯಾಯ ಆಗಿತ್ತು. ಓದಿದವರಿಂದ, ಚೆನ್ನಾಗಿದೆ, ಆದರೆ ಇದು ಹಾಬಿಟ್ ಅಲ್ಲ ಎಂಬ ಮಾತು ಬಂತು. ಅವರು ಕೈಬಿಟ್ಟರು. ಅಡಿಪಾಯ ಗಟ್ಟಿಯಾಗಿರಬೇಕು ನಿಜ. ಮನೆಗೆ ಬಂದ ನೆಂಟರಿಗೆ ಅದನ್ನು ಅಗೆದು ತೋರಿಸಬೇಕಾಗಿಲ್ಲ.

ದೊಡ್ಡ ಯುದ್ಧ, ಚಿಕ್ಕ ವರದಿ

ಕೊನೆಗೆ ಐದು ಸೈನ್ಯಗಳ ಮಹಾಯುದ್ಧ ಬರುತ್ತದೆ. ಯಾವುದೇ ಹುಡುಗ ಇದಕ್ಕೆ ಹತ್ತು ಪುಟ ಮೀಸಲಿಟ್ಟಾನು. ಟೋಲ್ಕಿನ್ ಏನು ಮಾಡುತ್ತಾರೆ? ಯುದ್ಧದ ನಡುವೆಯೇ ಬಿಲ್ಬೊನ ತಲೆಗೆ ಕಲ್ಲು ಬಡಿದು ಅವನು ಮೂರ್ಛೆ ಹೋಗುತ್ತಾನೆ. ಎಚ್ಚರವಾದಾಗ ಎಲ್ಲ ಮುಗಿದಿದೆ. ಗೆದ್ದ ಬಗೆಯನ್ನು ಇತರರ ಬಾಯಲ್ಲಿ ಚಿಕ್ಕದಾಗಿ ಕೇಳುತ್ತಾನೆ. ಅದಾದ ಮೇಲೆ ಲೇಖಕರು ಸಾವಧಾನವಾಗಿ ಹೇಳುವುದು, ಸಾಯುತ್ತಿರುವ ಕುಬ್ಜರ ನಾಯಕ ಥೋರಿನ್ ಹಿಂದಿನ ಜಗಳ ಮರೆತು ಬಿಲ್ಬೊನಿಂದ ಬೀಳ್ಕೊಳ್ಳುವ ದೃಶ್ಯವನ್ನು. ಸಾವಿರಾರು ಜನರ ಕಾಳಗಕ್ಕೆ ಅವಸರ, ಇಬ್ಬರ ಮಾತಿಗೆ ನಿಧಾನ. ಮನಸ್ಸಿಗೆ ಯಾವುದು ಮುಖ್ಯವೋ ಅಲ್ಲಿ ಕಥೆ ನಡಿಗೆ ತಗ್ಗಿಸಬೇಕು.

ಗ್ರಾಫ್ ಹಾಳೆಯ ಮೇಲೆ ಕಥೆ

ಇದನ್ನು ಕಲಿಯಲು ಒಂದು ಗ್ರಾಫ್ ಹಾಳೆ ಸಾಕು. ಅಡ್ಡ ಅಕ್ಷದ ಮೇಲೆ ಕಥೆಯ ಪುಟಗಳು, ಲಂಬ ಅಕ್ಷದ ಮೇಲೆ ಸೊನ್ನೆಯಿಂದ ಹತ್ತರವರೆಗೆ ಅಪಾಯದ ಅಳತೆ. ಇಷ್ಟವಾದ ಒಂದು ಸಾಹಸ ಕಥೆ ಓದುತ್ತಾ ಬಿಂದುಗಳನ್ನು ಗುರುತಿಸಿ ಗೆರೆ ಎಳೆದರೆ ಏರಿಳಿತದ ಗುಡ್ಡಸಾಲು ಕಾಣುತ್ತದೆ. ಆಮೇಲೆ ತನ್ನದೇ ಕಥೆಗೂ ಗೆರೆ ಎಳೆಯಬೇಕು. ಆರಂಭದಲ್ಲಿ ಹೇಳಿದ ರಾಜಕುಮಾರನ ಕಥೆಗೆ ಎಳೆದರೆ ಒಂಬತ್ತರ ಎತ್ತರದಲ್ಲಿ ಉದ್ದಕ್ಕೂ ಒಂದೇ ನೇರ ಗೆರೆ! ಓದುಗ ಏಕೆ ಆಕಳಿಸಿದ ಎಂಬುದು ಕಣ್ಣಿಗೇ ಕಾಣುತ್ತದೆ.

ಅದನ್ನು ತಿದ್ದುವುದು ಹೇಗೆ? ಹೊಸ ರಾಕ್ಷಸರು ಬೇಕಾಗಿಲ್ಲ. ಖಡ್ಗಕ್ಕೆ ಒಂದು ನಿಯಮ ಇಟ್ಟರೆ ಸಾಕು. ಮೂರು ಏಟಿನ ನಂತರ ಅದು ಬರೀ ಕಬ್ಬಿಣ. ರಾಜಕುಮಾರನಿಗೆ ಇದು ಗೊತ್ತಿಲ್ಲ. ಮರ ಹತ್ತಿ ತಪ್ಪಿಸಿಕೊಳ್ಳಬಹುದಾಗಿದ್ದ ಹುಲಿಗೆ ಒಂದು ಏಟು ಖರ್ಚು ಮಾಡುತ್ತಾನೆ. ಸಂಜೆ ಕಾಡಂಚಿನ ಗುಡಿಸಲಿನ ಅಜ್ಜಿ ಬಿಸಿ ಗಂಜಿ ಬಡಿಸುತ್ತಾಳೆ. ಮೂಲೆಗೆ ಒರಗಿಸಿದ ಖಡ್ಗದ ಹೊಳಪು ಕುಂದಿದ್ದು ಕಂಡು, ‘ಎಷ್ಟು ಸಲ ಬೀಸಿದೆ ಮಗಾ?’ ಎಂದು ಕೇಳುತ್ತಾಳೆ, ನಿಯಮ ತಿಳಿಸುತ್ತಾಳೆ. ಗಂಜಿ ಗಂಟಲಲ್ಲಿ ಇಳಿಯದು. ಮರುದಿನ ಸರ್ಪಕ್ಕೆ ಎರಡನೆಯ ಏಟು ಹೋಗುತ್ತದೆ, ಬೇರೆ ದಾರಿಯೇ ಇರಲಿಲ್ಲ. ಉಳಿದದ್ದು ಒಂದು. ಗವಿಯಿಂದ ರಾಕ್ಷಸ ಹೊರಬರುತ್ತಾನೆ. ಅವನಿಗೆ ಎರಡು ತಲೆ!

ಅದೇ ಹುಲಿ, ಅದೇ ಸರ್ಪ, ಅದೇ ರಾಕ್ಷಸ. ಹೆಚ್ಚಿಗೆ ಸೇರಿದ್ದು ಒಂದು ನಿಯಮ, ಒಂದು ಬಟ್ಟಲು ಗಂಜಿ. ಆದರೆ ಈಗ ರಾಜಕುಮಾರ ತಲೆ ಓಡಿಸಲೇಬೇಕು. ಅವನೊಂದಿಗೆ ಬರೆಯುವ ಹುಡುಗನೂ, ಓದುವವರೂ. ಕಾರಣ–ಪರಿಣಾಮ, ಮಿತಿ, ಆಯ್ಕೆ, ಫಲ ಎಲ್ಲವನ್ನೂ ಆ ಹುಡುಗ ತನಗೆ ತಿಳಿಯದೆಯೇ ಅಭ್ಯಾಸ ಮಾಡುತ್ತಿದ್ದಾನೆ. ಕಥೆ ಬರೆದರೆ ಓದು ಕೆಡುತ್ತದೆ ಎಂದು ಚಿಂತಿಸುವ ತಂದೆ ತಾಯಿಯರು ಇದನ್ನು ಯೋಚಿಸಬೇಕು.

ಮನೆಯಲ್ಲೇ ಇರುವ ಪರೀಕ್ಷಕರು

ಟೋಲ್ಕಿನ್ ಮನೆಯಲ್ಲಿ ಕಥೆ ಹೇಳುತ್ತಿದ್ದಾಗ ನಾಲ್ಕೈದು ವರ್ಷದ ಮಗ ಕ್ರಿಸ್ಟಫರ್ ನಡುವೆ ತಡೆದು, ಹೋದ ಸಲ ಬಿಲ್ಬೊನ ಬಾಗಿಲು ನೀಲಿ ಎಂದಿದ್ದಿರಿ, ಈಗ ಹಸಿರು ಎನ್ನುತ್ತಿದ್ದೀರಿ ಎಂದು ತಕರಾರು ತೆಗೆದಿದ್ದ. ತಂದೆ ಗೊಣಗಿಕೊಂಡರೂ ಎದ್ದು ಹೋಗಿ ಅದನ್ನು ಬರೆದಿಟ್ಟುಕೊಂಡರು. ಆಕ್ಸ್‌ಫರ್ಡಿನ ಪ್ರಾಧ್ಯಾಪಕರ ಪುಸ್ತಕವನ್ನು ತಿದ್ದಿದವನು ಒಬ್ಬ ಪುಟ್ಟ ಹುಡುಗ, ಪಾಸು ಮಾಡಿದವನು ಇನ್ನೊಬ್ಬ ಹುಡುಗ.

ಬರೆಯುವ ಮಗುವಿಗೆ ಬೇಕಾಗಿರುವುದೂ ಇಂಥ ಕಿವಿ. ಬರೆದದ್ದನ್ನು ಗಟ್ಟಿಯಾಗಿ ಓದಲು ಹೇಳಿ, ಅಮ್ಮನೋ ಅಪ್ಪನೋ ಅಜ್ಜನೋ ಹದಿನೈದು ನಿಮಿಷ ಕುಳಿತು ಕೇಳಿದರೆ ಸಾಕು. ಕಾಗುಣಿತ ಆಮೇಲೆ ನೋಡಬಹುದು. ‘ಚೆನ್ನಾಗಿದೆ’ ಎಂಬ ಶಹಭಾಸ್‌ಗಿರಿಯಿಂದ ಹೆಚ್ಚು ಉಪಯೋಗವಿಲ್ಲ. ಕೇಳುತ್ತಾ ಎಲ್ಲಿ ಗಮನ ಜಾರಿತೋ ಅಲ್ಲೊಂದು, ‘ಆಮೇಲೆ?’ ಎಂದು ಕೇಳಬೇಕೆನಿಸಿತೋ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ ನೋಟ್‌ಬುಕ್ಕನ್ನು ಮರಳಿ ಮಗುವಿನ ಕೈಗೆ ಕೊಡಬೇಕು. ಕುದುರೆಯನ್ನು ಎಲ್ಲಿ ಓಡಿಸಬೇಕು, ಎಲ್ಲಿ ನೀರು ಕುಡಿಸಬೇಕು ಎಂಬುದನ್ನು ಆ ಎರಡು ಗುರುತುಗಳೇ ಕಲಿಸುತ್ತವೆ.